ಪರ್ಲ್ ಸ್ಕ್ರಿಪ್ಟ್ ‘ಕಳಿಸಿದೆ’ ಅನ್ನುತ್ತದೆ, ಫೈಲ್ ಮಾತ್ರ ತಲುಪಿರುವುದಿಲ್ಲ

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಯಂತ್ರದಲ್ಲಿ ಒಂದು ಪರ್ಲ್ ಸ್ಕ್ರಿಪ್ಟ್ ಇದೆ. ರಾತ್ರಿ 2 ಗಂಟೆಗೆ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಮೂಲಕ ಓಡಿ, ಎಫ್‌ಟಿಪಿಯಲ್ಲಿ ಫೈಲ್ ಸಾಗಿಸುವ ನೆಟ್::ಎಫ್‌ಟಿಪಿ ಮಾಡ್ಯೂಲ್ ಬಳಸಿ ಆ ದಿನದ ಸಿಎಸ್‌ವಿ ವರದಿ, ಸ್ಕ್ಯಾನ್ ಮಾಡಿದ ಚಿತ್ರಗಳು ಮತ್ತು ಒಂದು ಜಿಪ್ ಫೈಲನ್ನು ಬೇರೆ ಊರಿನ ಸರ್ವರ್‌ಗೆ ಕಳಿಸುತ್ತದೆ. ಲಾಗ್‌ನಲ್ಲಿ ಪ್ರತಿದಿನ ‘ಅಪ್‌ಲೋಡ್ ಮುಗಿಯಿತು’ ಎಂದೇ ಇರುತ್ತದೆ. ಅತ್ತ ನೋಡಿದರೆ ಕೆಲವು ಫೈಲ್ 0 ಬೈಟ್, ಜಿಪ್ ತೆರೆಯುವುದಿಲ್ಲ, ಸಿಎಸ್‌ವಿಯ ಕೊನೆಯ ಸಾಲುಗಳೇ ಇಲ್ಲ. ಕನ್ನಡ ಹೆಸರಿನ ಫೈಲನ್ನು ವಾಪಸ್ ಇಳಿಸಿಕೊಳ್ಳಲು ಹೋದರೆ 550 ಎಂಬ ದೋಷ ಸಂಖ್ಯೆ ಬರುತ್ತದೆ. ನಾನೇ ಕೂತು ಟರ್ಮಿನಲ್‌ನಲ್ಲಿ ಓಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ನೀವು ಹೇಳುತ್ತಿರುವುದು ಒಂದು ತಪ್ಪಲ್ಲ, ಕನಿಷ್ಠ ನಾಲ್ಕು. ನಾಲ್ಕಕ್ಕೂ ಮುಸುಕು ಹಾಕಿ ಕೂರಿಸಿರುವುದು ‘ಅಪ್‌ಲೋಡ್ ಮುಗಿಯಿತು’ ಎಂಬ ಆ ಸಾಲು. ಮೊದಲು ಅದನ್ನು ಸರಿಮಾಡಿ. ಇಲ್ಲದಿದ್ದರೆ ಮುಂದೆ ಏನು ಬದಲಿಸಿದರೂ ಅದು ಫಲ ಕೊಟ್ಟಿತೋ ಇಲ್ಲವೋ ತಿಳಿಯುವುದಿಲ್ಲ.

ನೆಟ್::ಎಫ್‌ಟಿಪಿಯ ಮೆಥಡ್‌ಗಳು ಸೋತಾಗ ಸ್ಕ್ರಿಪ್ಟನ್ನು ನಿಲ್ಲಿಸುವುದಿಲ್ಲ. ಲಾಗಿನ್, ಸಿಡಬ್ಲ್ಯುಡಿ (ಫೋಲ್ಡರ್ ಬದಲಿಸುವುದು), ಪುಟ್ (ಕಳಿಸುವುದು), ಗೆಟ್ (ಇಳಿಸಿಕೊಳ್ಳುವುದು), ಎಲ್ಲವೂ ತಣ್ಣಗೆ ಒಂದು ‘ಅನ್‌ಡೆಫ್’ ಅಥವಾ ಸುಳ್ಳು ಬೆಲೆಯನ್ನು ಹಿಂತಿರುಗಿಸಿ ಸುಮ್ಮನಾಗುತ್ತವೆ. ಅದನ್ನು ನೋಡದೆ ಮುಂದಿನ ಸಾಲಿನಲ್ಲಿ ‘ಮುಗಿಯಿತು’ ಎಂದು ಪ್ರಿಂಟ್ ಮಾಡಿದರೆ ಅದು ಪ್ರತಿ ರಾತ್ರಿಯೂ ಪ್ರಿಂಟ್ ಆಗುತ್ತದೆ, ಒಂದು ಫೈಲೂ ಹೋಗದಿದ್ದರೂ ಆಗುತ್ತದೆ. ಆದ್ದರಿಂದ ಪ್ರತಿ ಕರೆಯ ಕೊನೆಗೂ ‘ಆರ್ ಡೈ’ (ಸೋತರೆ ಸಂದೇಶ ಕೊಟ್ಟು ಅಲ್ಲೇ ನಿಲ್ಲು) ಇರಲಿ. ಡೈ ಸಂದೇಶದಲ್ಲಿ ‘ಕೋಡ್’ ಮತ್ತು ‘ಮೆಸೇಜ್’ ಎಂಬ ಎರಡು ಮೆಥಡ್‌ಗಳ ಉತ್ತರವನ್ನು ಸೇರಿಸಿ. ಸರ್ವರ್ ಕೊನೆಯದಾಗಿ ಕೊಟ್ಟ ಮೂರಂಕಿಯ ಸಂಖ್ಯೆ ಮತ್ತು ಅದರ ಜೊತೆಗಿನ ಮಾತು ಇವೆರಡರಲ್ಲಿ ಇರುತ್ತವೆ.

ಹೆಚ್ಚಿನವರು ಎಡವುವ ಜಾಗ ಮೊದಲ ಸಾಲು, ಅಂದರೆ ಸರ್ವರ್‌ಗೆ ಸಂಪರ್ಕ ತೆರೆಯುವ ‘ನ್ಯೂ’. ಸಂಪರ್ಕವೇ ಆಗದಿದ್ದರೆ ಆಬ್ಜೆಕ್ಟ್ ಹುಟ್ಟಿರುವುದಿಲ್ಲ. ಇಲ್ಲದ ಆಬ್ಜೆಕ್ಟಿನ ಮೇಲೆ ಮೆಸೇಜ್ ಕರೆದರೆ ‘ಅನ್‌ಡಿಫೈನ್ಡ್ ವ್ಯಾಲ್ಯೂ ಮೇಲೆ ಮೆಥಡ್ ಕರೆಯಲಾಗದು’ ಎಂಬ ಅರ್ಥದ ದೋಷ ಬಂದು, ನಿಜವಾದ ಕಾರಣ ಅದರಡಿ ಮುಚ್ಚಿಹೋಗುತ್ತದೆ. ‘ನ್ಯೂ’ಗೆ ಮಾತ್ರ ಕಾರಣ ಇರುವುದು $@ ಎಂಬ ವೇರಿಯಬಲ್‌ನಲ್ಲಿ, ಉಳಿದೆಲ್ಲಕ್ಕೂ ಮೆಸೇಜ್.

ಇನ್ನು ಸ್ಕ್ರಿಪ್ಟಿನ ಬಾಯಿ ಬಿಡಿಸೋಣ. ‘ನ್ಯೂ’ಗೆ ಡೀಬಗ್ => 1 ಎಂಬ ಆಯ್ಕೆ ಕೊಡಿ. ಡೀಬಗ್, ಪ್ಯಾಸಿವ್, ಟೈಮ್‌ಔಟ್, ಈ ಮೂರೂ ಆಯ್ಕೆಗಳ ಮೊದಲಕ್ಷರ ಇಂಗ್ಲಿಷಿನ ದೊಡ್ಡಕ್ಷರವೇ ಆಗಿರಬೇಕು. ಸಣ್ಣಕ್ಷರದಲ್ಲಿ ಬರೆದರೆ ಪರ್ಲ್ ಗೊಣಗುವುದೂ ಇಲ್ಲ, ಆಯ್ಕೆ ಕೆಲಸ ಮಾಡುವುದೂ ಇಲ್ಲ. ಡೀಬಗ್ ಮಾತುಗಳು ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತವೆ. ಹಾಗಾಗಿ ಕ್ರಾನ್ ಸಾಲಿನ ಕೊನೆಗೆ ಲಾಗ್ ಫೈಲಿನ ಹೆಸರಾದ ಮೇಲೆ 2>&1 ಸೇರಿಸಿ. ಪಾಸ್‌ವರ್ಡ್ ಲಾಗಿಗೆ ಬೀಳುತ್ತದೆಂಬ ಭಯ ಬೇಡ, ಮಾಡ್ಯೂಲೇ ಅದನ್ನು ಚುಕ್ಕಿಗಳಾಗಿ ಬದಲಿಸುತ್ತದೆ.

ಸರಿಯಾಗಿ ನಡೆದ ಒಂದು ಪುಟ್ ಲಾಗ್‌ನಲ್ಲಿ ಹೆಚ್ಚುಕಡಿಮೆ ಹೀಗೆ ಕಾಣುತ್ತದೆ (ಬಲಕ್ಕೆ ಮೊನೆಯಿರುವ ಸಾಲು ಸ್ಕ್ರಿಪ್ಟಿನ ಆದೇಶ, ಎಡಕ್ಕೆ ಮೊನೆಯಿರುವುದು ಸರ್ವರ್‌ನ ಉತ್ತರ; ‘ಟೈಪ್ ಐ’ ಎಂದರೆ ಬೈನರಿ ಮೋಡ್, ‘ಅಲೊ’ ಜಾಗ ಕಾದಿರಿಸಲು, ‘ಪಾಸ್ವ್’ ಪ್ಯಾಸಿವ್ ಮೋಡಿಗೆ, ‘ಸ್ಟೋರ್’ ಫೈಲ್ ಇಡಲು):

>>> ಟೈಪ್ ಐ
<<< 200
>>> ಅಲೊ 10485760
<<< 202
>>> ಪಾಸ್ವ್
<<< 227 ಎಂಟರಿಂಗ್ ಪ್ಯಾಸಿವ್ ಮೋಡ್ (192,168,1,10,195,80)
>>> ಸ್ಟೋರ್ ವರದಿ.ಜಿಪ್
<<< 150
<<< 226 ಟ್ರಾನ್ಸ್‌ಫರ್ ಕಂಪ್ಲೀಟ್

ನಡುವಿನ 202 ನೋಡಿ ಗಾಬರಿಯಾಗಬೇಡಿ. ‘ಜಾಗ ಮೊದಲೇ ಕಾದಿರಿಸುವ ಅಗತ್ಯ ನನಗಿಲ್ಲ’ ಎಂದು ಸರ್ವರ್ ಹೇಳುತ್ತಿದೆ, ಅಷ್ಟೇ. ನಿಮ್ಮ ಲಾಗ್ ಈ ಒಂಬತ್ತು ಸಾಲುಗಳಲ್ಲಿ ಎಲ್ಲಿ ನಿಲ್ಲುತ್ತದೆ ಎನ್ನುವುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಮೊದಲು 0 ಬೈಟ್ ಫೈಲ್. 1985ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 959 ಆಗಿ ಬಂದ ಎಫ್‌ಟಿಪಿ ನಿಯಮಾವಳಿಯಲ್ಲಿ ಎರಡು ಪ್ರತ್ಯೇಕ ಸಂಪರ್ಕಗಳಿವೆ. ಆದೇಶಗಳು ಹೋಗಿಬರುವುದು 21ನೇ ಪೋರ್ಟಿನಲ್ಲಿ. ಫೈಲಿನ ಒಡಲು ಹೋಗುವುದು ಪ್ರತಿ ಸಲವೂ ಹೊಸದಾಗಿ ತೆರೆದುಕೊಳ್ಳುವ ಇನ್ನೊಂದು ಸಂಪರ್ಕದಲ್ಲಿ. ಲಾಗಿನ್ ಆಯಿತು, ಫೋಲ್ಡರ್ ಬದಲಾಯಿತು, ಫೈಲಿನ ಹೆಸರೂ ಸರ್ವರ್‌ನಲ್ಲಿ ಕಾಣಿಸಿಕೊಂಡಿತು, ಆದರೆ ಒಳಗೆ ಏನೂ ಇಲ್ಲ ಎಂದರೆ ಮೊದಲ ಸಂಪರ್ಕ ಚೆನ್ನಾಗಿದೆ, ಎರಡನೆಯದು ಹುಟ್ಟಿಲ್ಲ. ಸ್ಟೋರ್ ಆದೇಶ ಬಂದ ಕೂಡಲೇ ಕೆಲವು ಸರ್ವರ್‌ಗಳು ಖಾಲಿ ಫೈಲ್ ತೆರೆದಿಟ್ಟು ದತ್ತಾಂಶಕ್ಕೆ ಕಾಯುತ್ತವೆ. ದತ್ತಾಂಶ ಬರುವುದಿಲ್ಲ, ಖಾಲಿ ಫೈಲ್ ಉಳಿದುಬಿಡುತ್ತದೆ. ಸ್ಟೋರ್ ಸಾಲಾದ ಮೇಲೆ ಲಾಗ್ ಎರಡು ನಿಮಿಷ ಮೌನವಾಗಿದ್ದು ಆಮೇಲೆ ಸೋತರೆ ಅನುಮಾನವೇ ಬೇಡ: ನೆಟ್::ಎಫ್‌ಟಿಪಿಯ ಟೈಮ್‌ಔಟ್ ತಾನಾಗಿಯೇ 120 ಸೆಕೆಂಡು.

ಈಗ 227ರ ಆವರಣದೊಳಗಿನ ಆರು ಸಂಖ್ಯೆಗಳನ್ನು ಬಿಡಿಸಿ. ಮೊದಲ ನಾಲ್ಕು ಐಪಿ ವಿಳಾಸ, ಇಲ್ಲಿ 192.168.1.10. ಕೊನೆಯ ಎರಡರಿಂದ ಪೋರ್ಟ್ ಸಿಗುತ್ತದೆ: 195ನ್ನು 256ರಿಂದ ಗುಣಿಸಿ 80 ಕೂಡಿಸಿದರೆ 50000. ‘ಫೈಲನ್ನು ಈ ವಿಳಾಸದ 50000ನೇ ಪೋರ್ಟಿಗೆ ತಂದುಕೊಡು’ ಎಂದು ಸರ್ವರ್ ಹೇಳಿದೆ. ಸರ್ವರ್ ಬೇರೆ ಊರಿನಲ್ಲಿದ್ದೂ 192.168ರಿಂದ ಅಥವಾ 10ರಿಂದ ಶುರುವಾಗುವ ವಿಳಾಸ ಕೊಡುತ್ತಿದ್ದರೆ, ಅದು ತನ್ನ ಮನೆಯೊಳಗಿನ ವಿಳಾಸವನ್ನು ಹೊರಗಿನವರಿಗೆ ಹೇಳುತ್ತಿದೆ. ನ್ಯಾಟ್ ರೂಟರ್ (ಒಳಗಿನ ವಿಳಾಸಗಳನ್ನು ಹೊರಗಿನ ಒಂದು ವಿಳಾಸದ ಹಿಂದೆ ಮರೆಮಾಡುವ ಸಾಧನ) ಹಿಂದೆ ಕೂತ ಸರ್ವರ್‌ಗಳ ಹಳೆಯ ಚಾಳಿ ಇದು. ನಿಮ್ಮ ಸ್ಕ್ರಿಪ್ಟ್ ನಿಮ್ಮದೇ ಜಾಲದಲ್ಲಿ ಆ ವಿಳಾಸವನ್ನು ಹುಡುಕಿ ಸೋಲುತ್ತದೆ. ಮದ್ದು ಸರ್ವರ್ ಕಡೆ ಇದೆ: ಅಲ್ಲಿನ ಎಫ್‌ಟಿಪಿ ತಂತ್ರಾಂಶ ವಿಎಸ್‌ಎಫ್‌ಟಿಪಿಡಿ ಆದರೆ ‘ಪಾಸ್ವ್ ಅಡ್ರೆಸ್’, ಪ್ರೊಎಫ್‌ಟಿಪಿಡಿ ಆದರೆ ‘ಮಾಸ್ಕರೇಡ್ ಅಡ್ರೆಸ್’ ಸೆಟ್ಟಿಂಗಿನಲ್ಲಿ ಹೊರಗಿನ ಐಪಿ ಹಾಕಬೇಕು.

ವಿಳಾಸ ಸರಿ ಇದ್ದೂ ಸಂಪರ್ಕ ಆಗುತ್ತಿಲ್ಲವೆಂದರೆ ಫೈರ್‌ವಾಲ್ ಆ ಪೋರ್ಟನ್ನು ತಡೆದಿದೆ. ಪ್ರತಿ ಫೈಲಿಗೂ ಪೋರ್ಟ್ ಬದಲಾಗುವುದರಿಂದ ಒಂದೇ ಒಂದು ಪೋರ್ಟ್ ತೆರೆಸಿ ಪ್ರಯೋಜನವಿಲ್ಲ. ಸರ್ವರ್‌ನಲ್ಲಿ ಪ್ಯಾಸಿವ್ ಪೋರ್ಟ್‌ಗಳ ಕನಿಷ್ಠ ಮತ್ತು ಗರಿಷ್ಠ ಮಿತಿ ನಿಗದಿ ಮಾಡಿಸಿ, ಉದಾಹರಣೆಗೆ 50000ದಿಂದ 50100. ಅಷ್ಟನ್ನೂ ಫೈರ್‌ವಾಲ್‌ನಲ್ಲಿ ತೆರೆಯಲು ಹೇಳಿ. ಕೆಲವು ಫೈಲ್ ಹೋಗಿ ಕೆಲವು ಸೋಲುತ್ತಿವೆ ಎಂದರೆ ಈ ಎರಡು ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಶಂಕೆ ನನಗೆ ಮೊದಲು ಬರುತ್ತದೆ. ಸರ್ವರ್ 50000ದಿಂದ 50200ರವರೆಗೆ ಹಂಚುತ್ತಿದ್ದು ಫೈರ್‌ವಾಲ್ 50100ಕ್ಕೆ ನಿಂತಿದ್ದರೆ, ಸುಮಾರು ಅರ್ಧದಷ್ಟು ಸಲ ಸೋಲುತ್ತದೆ. ನಿಮ್ಮ ‘ಎಷ್ಟೋ ಸಲ ಸರಿಹೋಗುತ್ತದೆ’ ಎಂಬ ಮಾತಿಗೆ ಇದೂ ಒಂದು ಕಾರಣ ಇರಬಹುದು. ಸೋತ ಮತ್ತು ಗೆದ್ದ ರಾತ್ರಿಗಳ 227 ಸಾಲುಗಳನ್ನು ಒಟ್ಟಿಗಿಟ್ಟು ಪೋರ್ಟ್ ಲೆಕ್ಕ ಹಾಕಿ, ಗುಟ್ಟು ಅಲ್ಲೇ ಬಯಲಾಗುತ್ತದೆ.

ಲಾಗ್‌ನಲ್ಲಿ ಪಾಸ್ವ್ ಬದಲು ‘ಪೋರ್ಟ್’ ಎಂಬ ಆದೇಶ ಕಂಡರೆ ಸ್ಕ್ರಿಪ್ಟ್ ಆ್ಯಕ್ಟಿವ್ ಮೋಡಿನಲ್ಲಿದೆ. ಆಗ ಸರ್ವರೇ ತನ್ನ 20ನೇ ಪೋರ್ಟಿನಿಂದ ನಿಮ್ಮ ಯಂತ್ರದ ಬಾಗಿಲು ತಟ್ಟುತ್ತದೆ. ಕಚೇರಿಯ ರೂಟರ್ ಒಳಗೆ ಬಿಡುವುದಿಲ್ಲ. ‘500 ಇಲ್ಲೀಗಲ್ ಪೋರ್ಟ್ ಕಮಾಂಡ್’ ಅಥವಾ 425 (ದತ್ತಾಂಶ ಸಂಪರ್ಕ ತೆರೆಯಲಾಗಲಿಲ್ಲ) ಬರುವುದು ಹೀಗೆ. ಈಗಿನ ನೆಟ್::ಎಫ್‌ಟಿಪಿ ತಾನಾಗಿಯೇ ಪ್ಯಾಸಿವ್ ಆಗಿರುತ್ತದೆ, ಆದರೆ ಅದಕ್ಕೂ ಮೊದಲು ‘ಎಫ್‌ಟಿಪಿ_ಪ್ಯಾಸಿವ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಮತ್ತು ಲಿಬ್‌ನೆಟ್ (ಈ ಮಾಡ್ಯೂಲ್ ಸೇರಿರುವ ಪರ್ಲ್ ಕಟ್ಟು) ಸಂರಚನೆಯ ಮಾತು ಕೇಳುತ್ತದೆ. ಯಾರೋ ನಿಮ್ಮ ಶೆಲ್ ಪ್ರೊಫೈಲ್‌ನಲ್ಲಿ ಆ ವೇರಿಯಬಲ್ ಇಟ್ಟಿದ್ದರೆ ಕೈಯಿಂದ ಓಡಿಸಿದಾಗ ಒಂದು ಮೋಡ್, ಕ್ರಾನ್‌ನಲ್ಲಿ ಇನ್ನೊಂದು. ಪ್ಯಾಸಿವ್ => 1 ಎಂದು ಸ್ಕ್ರಿಪ್ಟಿನಲ್ಲೇ ಬರೆದುಬಿಟ್ಟರೆ ಈ ಗೊಂದಲ ಮುಗಿಯಿತು.

ಜಿಪ್ ತೆರೆಯದಿರುವುದಕ್ಕೆ ಬರೋಣ. ಇದು ಬಹುಪಾಲು ಆಸ್ಕಿ ಮೋಡಿನ, ಅಂದರೆ ಪಠ್ಯ ಕಳಿಸುವ ಮೋಡಿನ ಕೆಲಸ. ಎಫ್‌ಟಿಪಿ ನಿಯಮದಲ್ಲಿ ಬೇರೆ ಹೇಳದಿದ್ದರೆ ಮೋಡ್ ಪಠ್ಯದ್ದೇ. ನೀವು ‘ಬೈನರಿ’ ಎಂದು ಹೇಳದಿದ್ದರೆ ನೆಟ್::ಎಫ್‌ಟಿಪಿ ಪ್ರತಿ ಫೈಲನ್ನೂ ಪಠ್ಯವೆಂದೇ ತಿಳಿದು ಸಾಲಿನ ಕೊನೆಗಳನ್ನು ‘ಸರಿ’ ಮಾಡುತ್ತದೆ. ಸಾಲು ಮುಗಿಸುವ ಬೈಟ್ 10. ತಂತಿಯ ಮೇಲೆ ಹೋಗುವಾಗ ಅದು 13, 10 ಎಂಬ ಜೋಡಿ ಆಗಬೇಕೆಂಬುದು ಆಸ್ಕಿ ಮೋಡಿನ ನಿಯಮ.

ಲಿನಕ್ಸ್‌ನಿಂದ ಲಿನಕ್ಸ್‌ಗೆ ಕಳಿಸುವಾಗ ಏನೂ ಆಗಬಾರದಲ್ಲ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ನಿಮ್ಮ ಜಿಪ್ 10 ಎಂಬಿ, ಅಂದರೆ 1,04,85,760 ಬೈಟ್ ಎಂದುಕೊಳ್ಳೋಣ. ಕುಗ್ಗಿಸಿದ ದತ್ತಾಂಶದಲ್ಲಿ ಪ್ರತಿ ಬೈಟೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಬರುವುದರಿಂದ 10 ಎಂಬ ಬೈಟ್ 256ರಲ್ಲಿ ಒಂದು, ಒಟ್ಟು 40,960ರ ಆಸುಪಾಸು. 13 ಆದ ಕೂಡಲೇ 10 ಬರುವ ಜೋಡಿ 65,536ರಲ್ಲಿ ಒಂದು, ಸುಮಾರು 160. ಕಳಿಸುವಾಗ ಮಾಡ್ಯೂಲ್ ಒಂಟಿ 10ಕ್ಕೆಲ್ಲ ಮುಂದೆ 13 ಸೇರಿಸುತ್ತದೆ. ಅತ್ತಲಿನ ಸರ್ವರ್ ಆಸ್ಕಿ ಮೋಡನ್ನು ನಿಷ್ಠೆಯಿಂದ ಪಾಲಿಸಿದರೆ ಪ್ರತಿ 13, 10 ಜೋಡಿಯಿಂದಲೂ 13ನ್ನು ತೆಗೆಯುತ್ತದೆ. ಸೇರಿಸಿದ್ದೂ ಹೋಯಿತು, ಮೊದಲೇ ಇದ್ದ ಆ 160 ಜೋಡಿಗಳ 13 ಕೂಡ ಹೋಯಿತು. 10 ಎಂಬಿಯಲ್ಲಿ 160 ಬೈಟ್ ಕಡಿಮೆ! ಫೈಲ್ ಪಟ್ಟಿಯಲ್ಲಿ ಎರಡೂ ‘10 ಎಂಬಿ’ ಎಂದೇ ಕಾಣುತ್ತವೆ, ಕಣ್ಣಿಗೆ ವ್ಯತ್ಯಾಸ ಬೀಳುವುದೇ ಇಲ್ಲ. ವಿಎಸ್‌ಎಫ್‌ಟಿಪಿಡಿ ಇನ್ನೊಂದು ಬಗೆ: ಮೂಲ ಸೆಟ್ಟಿಂಗಿನಲ್ಲಿ ಅದು ಆಸ್ಕಿಗೆ ‘ಆಗಲಿ’ ಎಂದು ತಲೆಯಾಡಿಸಿ, ಬಂದದ್ದನ್ನು ಬಂದ ಹಾಗೇ ಇಡುತ್ತದೆ. ಆಗ ಫೈಲ್ ಸುಮಾರು 40,800 ಬೈಟ್ ಊದಿಕೊಳ್ಳುತ್ತದೆ.

ನಿಮ್ಮ ಸ್ಕ್ಯಾನ್ ಚಿತ್ರಗಳು ಪಿಎನ್‌ಜಿ ಆಗಿದ್ದರೆ ಖಚಿತ ಮಾಡಿಕೊಳ್ಳುವುದು ಸುಲಭ. ಪ್ರತಿ ಪಿಎನ್‌ಜಿಯ ಮೊದಲ ಎಂಟು ಬೈಟ್ 137 80 78 71 13 10 26 10. ಒಳಗೆ 13, 10 ಜೋಡಿಯನ್ನೂ ಒಂಟಿ 10ನ್ನೂ ಬೇಕೆಂದೇ ಇಟ್ಟಿದ್ದಾರೆ, ಇಂಥ ಹಾನಿಯನ್ನು ಹಿಡಿಯಲಿಕ್ಕೆಂದೇ. ಸರ್ವರ್‌ನಲ್ಲಿ ‘ಒಡಿ’ ಆದೇಶವನ್ನು ದಶಮಾಂಶ ತೋರಿಸುವ ಆಯ್ಕೆಯೊಂದಿಗೆ ಓಡಿಸಿ ಮೊದಲ ಒಂಬತ್ತು ಬೈಟ್ ನೋಡಿ. 71 ಆದಮೇಲೆ ನೇರ 10, 26, 10 ಇದ್ದರೆ 13 ಕಳೆದುಹೋಗಿದೆ. 26 ಆದಮೇಲೆ 13, 10 ಇದ್ದರೆ ಹೊಸ 13 ಸೇರಿಕೊಂಡಿದೆ. ಎರಡರಲ್ಲಿ ಯಾವುದಾದರೂ ತಪ್ಪಿತಸ್ಥ ಆಸ್ಕಿ ಮೋಡೇ.

ಪರಿಹಾರ ಒಂದೇ ಸಾಲು, ‘ಬೈನರಿ’ ಮೆಥಡ್. ಆದರೆ ಅದನ್ನು ಲಾಗಿನ್ ಆದಮೇಲೆ ಕರೆಯಿರಿ. ಲಾಗಿನ್‌ಗೆ ಮೊದಲೇ ಕರೆದರೆ ಅನೇಕ ಸರ್ವರ್‌ಗಳು 530 (ಲಾಗಿನ್ ಆಗಿಲ್ಲ) ಎಂದು ತಿರಸ್ಕರಿಸುತ್ತವೆ. ಸ್ಕ್ರಿಪ್ಟ್ ಅದನ್ನು ಗಮನಿಸದೆ ಆಸ್ಕಿಯಲ್ಲೇ ಮುಂದುವರಿಯುತ್ತದೆ. ‘ಬೈನರಿ ಹಾಕಿದ್ದೀನಲ್ಲ’ ಎನ್ನುವವರ ಲಾಗ್‌ನಲ್ಲಿ ‘ಟೈಪ್ ಐ’ ಸಾಲಿನ ಕೆಳಗೆ 200 ಇದೆಯೇ ಎಂದು ನೋಡಬೇಕು. ಸಿಎಸ್‌ವಿಯನ್ನೂ ಬೈನರಿಯಲ್ಲೇ ಕಳಿಸಿ. ಆಸ್ಕಿ ಮೋಡಿನಿಂದ ಲಾಭವಾಗುವ ಸಂದರ್ಭ ಈಗ ಬಹಳ ವಿರಳ.

ಸಿಎಸ್‌ವಿಯ ಕೊನೆಯ ಸಾಲುಗಳು ಮಾಯವಾಗುವುದಕ್ಕೂ ಎಫ್‌ಟಿಪಿಗೂ ಸಂಬಂಧವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಅದೇ ಸ್ಕ್ರಿಪ್ಟ್ ವರದಿಯನ್ನು ಬರೆದು, ಫೈಲ್‌ಹ್ಯಾಂಡಲ್ ಮುಚ್ಚದೆಯೇ ಪುಟ್ ಕರೆಯುತ್ತಿದೆಯೇ ನೋಡಿ. ನೀವು ಪ್ರಿಂಟ್ ಮಾಡಿದ್ದು ನೇರ ಡಿಸ್ಕಿಗೆ ಹೋಗುವುದಿಲ್ಲ, ಪರ್ಲ್‌ನ ಬಫರ್‌ನಲ್ಲಿ ಶೇಖರವಾಗುತ್ತದೆ. ಪರ್ಲ್ 5.14ರಿಂದ ಈಚೆಗೆ ಆ ಬಫರ್ 8,192 ಬೈಟ್. ತುಂಬಿದಾಗಲೆಲ್ಲ ಡಿಸ್ಕಿಗೆ ಸುರಿಯುತ್ತದೆ, ಕೊನೆಯ ಅರೆಬರೆ ತುಂಬಿದ ಬಫರ್ ಮುಚ್ಚುವವರೆಗೆ ಕಾಯುತ್ತದೆ. ಪುಟ್ ಡಿಸ್ಕಿನಿಂದ ಓದುವುದರಿಂದ ಆ ಬಾಲ ಅದಕ್ಕೆ ಸಿಗುವುದಿಲ್ಲ. ಸ್ಕ್ರಿಪ್ಟ್ ಮುಗಿಯುವಾಗ ಹ್ಯಾಂಡಲ್ ತಾನಾಗಿ ಮುಚ್ಚಿಕೊಂಡು ನಿಮ್ಮ ಯಂತ್ರದಲ್ಲಿರುವ ಪ್ರತಿ ಪೂರ್ತಿಯಾಗುತ್ತದೆ. ನೀವು ಬೆಳಿಗ್ಗೆ ಬಂದು ನೋಡಿದಾಗ ಇಲ್ಲಿ ಎಲ್ಲ ಸರಿ, ಅಲ್ಲಿ ಕೊರತೆ. ಸರ್ವರ್‌ನಲ್ಲಿರುವ ಸಿಎಸ್‌ವಿಯ ಗಾತ್ರವನ್ನು 8,192ರಿಂದ ಭಾಗಿಸಿ. ಶೇಷ ಸೊನ್ನೆ ಬಂದು, ಕೊನೆಯ ಸಾಲು ಅರ್ಧಕ್ಕೆ ತುಂಡಾಗಿದ್ದರೆ ಕಾರಣ ಇದೇ. ವರದಿ 8,192 ಬೈಟಿಗಿಂತ ಚಿಕ್ಕದಿದ್ದರಂತೂ 0 ಬೈಟ್ ಫೈಲೇ ಹೋಗುತ್ತದೆ. ಆದ್ದರಿಂದ 0 ಬೈಟ್ ಎಂದ ತಕ್ಷಣ ಫೈರ್‌ವಾಲ್ ಇಲಾಖೆಯವರ ಮೇಲೆ ಹರಿಹಾಯಬೇಡಿ, ಲಾಗ್‌ನಲ್ಲಿ 226 ಬಂದಿದೆಯೇ ನೋಡಿ. 226 ಬಂದೂ 0 ಬೈಟ್ ಆಗಿದ್ದರೆ ಜಾಲ ನಿರಪರಾಧಿ, ಕಳಿಸಿದ್ದೇ ಖಾಲಿ.

ಕ್ಲೋಸ್ ಮಾಡಿದರಷ್ಟೇ ಸಾಲದು, ಅದಕ್ಕೂ ‘ಆರ್ ಡೈ’ ಬೇಕು. ಡಿಸ್ಕ್ ತುಂಬಿದ್ದರೆ ಪ್ರಿಂಟ್ ಬಫರ್‌ಗೆ ಬರೆದು ‘ಸರಿ’ ಎಂದಿರುತ್ತದೆ, ಜಾಗವಿಲ್ಲ ಎಂಬುದು ಗೊತ್ತಾಗುವುದು ಕ್ಲೋಸ್ ಮಾಡುವಾಗ. ವರದಿಯನ್ನು ಬೇರೊಂದು ಪ್ರೋಗ್ರಾಂ ಬರೆಯುತ್ತಿದ್ದರೆ ಅದು 2 ಗಂಟೆಗೆ ಮೊದಲು ಮುಗಿದಿರುತ್ತದೆ ಎಂಬ ನಂಬಿಕೆಯ ಮೇಲೆ ನಿಲ್ಲಬೇಡಿ. ಅದು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಿಸಲಿ.

ಕನ್ನಡ ಹೆಸರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಇದರ ಬಗ್ಗೆ ಇಂಗ್ಲಿಷ್ ಕೈಪಿಡಿಗಳಲ್ಲಿ ಹುಡುಕಿದರೂ ನಮ್ಮ ಲಿಪಿಯ ತೊಡಕುಗಳು ಸಿಗುವುದಿಲ್ಲ.

‘ಕೋಲಾರ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ‘ಕೋ’ವನ್ನು ಎರಡು ರೀತಿ ಬರೆಯಬಹುದು: ‘ಕ’ಕ್ಕೆ ಒಂದೇ ಓತ್ವದ ಚಿಹ್ನೆ ಸೇರಿಸಿ, ಇಲ್ಲವೇ ‘ಕ’ದ ಮುಂದೆ ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಚಿಹ್ನೆ ಬಿಡಿಬಿಡಿಯಾಗಿ ಇಟ್ಟು. ಪರದೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಹಾಗಾಗಿ ಮೊದಲ ರೀತಿಯ ‘ಕೋಲಾರ’ 15 ಬೈಟ್, ಎರಡನೆಯದು 21 ಬೈಟ್. ಲಿನಕ್ಸ್ ಸರ್ವರ್‌ಗೆ ಹೆಸರೆಂದರೆ ಬರೀ ಬೈಟ್‌ಗಳ ಸಾಲು, ಆದ್ದರಿಂದ ಅವು ಎರಡು ಬೇರೆ ಫೈಲ್‌ಗಳು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ. ಅಲ್ಲಿಂದ ಬಂದ ಫೈಲ್ ಬಿಡಿಸಿದ ಹೆಸರಿನಲ್ಲಿ ಸರ್ವರ್ ಸೇರಿ, ನೀವು ಕೀಲಿಮಣೆಯಲ್ಲಿ ಕೂಡಿದ ರೂಪ ಟೈಪ್ ಮಾಡಿ ಕೇಳಿದರೆ ಉತ್ತರ 550, ಅಂಥ ಫೈಲ್ ಇಲ್ಲ. ಪಟ್ಟಿಯಲ್ಲಿ ಕಣ್ಣೆದುರೇ ಇದೆ, ಆದರೂ ಇಲ್ಲ! ಯೂನಿಕೋಡ್::ನಾರ್ಮಲೈಜ್ ಮಾಡ್ಯೂಲಿನ ಎನ್‌ಎಫ್‌ಸಿ ಫಂಕ್ಷನ್ ಎಲ್ಲವನ್ನೂ ಕೂಡಿದ ರೂಪಕ್ಕೆ ತರುತ್ತದೆ. ಸರ್ವರ್‌ಗೆ ಕೊಡುವ ಹೆಸರು ಯಾವಾಗಲೂ ಆ ರೂಪದಲ್ಲಿರಲಿ.

ಎನ್‌ಎಫ್‌ಸಿಯ ಕೈಗೂ ಸಿಗದ ಇನ್ನೊಂದಿದೆ. ‘ಎಫ್‌ಟಿಪಿ’ ಎಂದು ಬರೆಯುವಾಗ ‘ಫ್’ಗೆ ‘ಟಿ’ ಒತ್ತಾಗಿ ಅಂಟಿಕೊಳ್ಳದಿರಲೆಂದು ನಾವು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಅದೂ 3 ಬೈಟ್. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಹೆಸರು ಬೇರೆಯೇ. ಫೈಲ್ ಹೆಸರು ಕಟ್ಟುವಾಗ ಆ ಕಾಣದ ಅಕ್ಷರಗಳನ್ನು ತೆಗೆದುಹಾಕುವುದು ಕ್ಷೇಮ. ಒತ್ತಕ್ಷರ ಮೂಡಿ ನೋಡಲು ಚೆಂದ ಕಾಣದಿರಬಹುದು, ಹುಡುಕಿದಾಗ ಸಿಗುತ್ತದೆ. ಉದ್ದದ ಮಿತಿಯೂ ನೆನಪಿರಲಿ: ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಹೆಸರಿಗೆ 255 ಬೈಟ್, ಅಂದರೆ ಕನ್ನಡದ 85 ಚಿಹ್ನೆ. ಗುಣಿತ, ಒತ್ತು, ವಿರಾಮ ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ಮೂವತ್ತು ನಲವತ್ತು ಅಕ್ಷರಕ್ಕೇ ಹತ್ತಿರ ಬಂದುಬಿಡುತ್ತದೆ.

ಪರ್ಲ್ ಒಳಗೆ ನಿಯಮ ಇಷ್ಟು. ಫೋಲ್ಡರ್ ಓದುವ ‘ರೀಡ್‌ಡಿರ್’ನಿಂದ ಬಂದ ಹೆಸರು ಬೈಟ್‌ಗಳು, ಜೇಸನ್ ಅಥವಾ ಡೇಟಾಬೇಸ್‌ನಿಂದ ಡಿಕೋಡ್ ಆಗಿ ಬಂದದ್ದು ಅಕ್ಷರಗಳು. ಬೈಟ್ ಆದರೆ ಡಿಕೋಡ್ ಮಾಡಿ, ಎನ್‌ಎಫ್‌ಸಿಗೆ ಹಾಕಿ, ಒಂದೇ ಒಂದು ಸಲ ಎನ್‌ಕೋಡ್ ಮಾಡಿ ಪುಟ್‌ಗೆ ಎರಡನೇ ಆರ್ಗ್ಯುಮೆಂಟಾಗಿ ಕೊಡಿ. ಮೊದಲ ಆರ್ಗ್ಯುಮೆಂಟ್, ಅಂದರೆ ಸ್ಥಳೀಯ ಹೆಸರು, ರೀಡ್‌ಡಿರ್ ಕೊಟ್ಟ ಮೂಲ ಬೈಟ್‌ಗಳಾಗಿಯೇ ಇರಲಿ, ಇಲ್ಲದಿದ್ದರೆ ಇತ್ತಲೇ ಫೈಲ್ ತೆರೆಯುವುದಿಲ್ಲ. ಸರ್ವರ್‌ನಲ್ಲಿ ಹೆಸರು ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷ್ ‘ಎ’ ಮತ್ತೆ ಮತ್ತೆ ಬರುವ ಕಲಸುಮೇಲೋಗರವಾಗಿ ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ.

ಹೆಸರುಗಳನ್ನು ಪಟ್ಟಿ ಫೈಲಿನಿಂದ ಓದುತ್ತಿದ್ದರೆ ಇನ್ನೊಂದು ಸಣ್ಣ ಮುಳ್ಳು. ಆ ಪಟ್ಟಿ ವಿಂಡೋಸ್‌ನಲ್ಲಿ ಮಾಡಿದ್ದಾದರೆ ಸಾಲಿನ ಕೊನೆಗೆ 13, 10 ಇರುತ್ತದೆ. ಲಿನಕ್ಸ್‌ನಲ್ಲಿ ಸಾಲಿನ ಕೊನೆ ಕತ್ತರಿಸುವ ‘ಚಾಂಪ್’ 10ನ್ನು ಮಾತ್ರ ತೆಗೆಯುತ್ತದೆ, 13 ಹೆಸರಿನ ಬಾಲಕ್ಕೆ ಅಂಟಿಕೊಂಡು ಉಳಿಯುತ್ತದೆ. ಲಾಗ್‌ನಲ್ಲಿ ಹೆಸರನ್ನು ಚೌಕ ಆವರಣದೊಳಗೆ ಪ್ರಿಂಟ್ ಮಾಡಿಸಿ. ಮುಚ್ಚುವ ಆವರಣ ಸಾಲಿನ ಶುರುವಿಗೆ ಜಿಗಿದಿದ್ದರೆ ಆ 13 ಅಲ್ಲಿದೆ.

ಈಗ ‘ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಇಲ್ಲ’. ಕ್ರಾನ್ ನಿಮ್ಮ ಶೆಲ್ ಪ್ರೊಫೈಲನ್ನು ಓದುವುದಿಲ್ಲ, ಪ್ರೋಗ್ರಾಂಗಳನ್ನು ಅದು ಹುಡುಕುವ ಫೋಲ್ಡರ್‌ಗಳ ಪಟ್ಟಿ ತೀರಾ ಚಿಕ್ಕದು, ಕೆಲಸ ಶುರುವಾಗುವುದು ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ. ಸ್ಕ್ರಿಪ್ಟಿನಲ್ಲಿ ಬರೀ ಫೈಲ್ ಹೆಸರು ಬರೆದಿದ್ದರೆ ಅಲ್ಲಿ ಸಿಗುವುದಿಲ್ಲ. ಪುಟ್ ಆಗ ‘ಸ್ಥಳೀಯ ಫೈಲ್ ತೆರೆಯಲಾಗಲಿಲ್ಲ’ ಎಂದು ಸ್ಟ್ಯಾಂಡರ್ಡ್ ಎರರ್‌ಗೆ ಒಂದು ಸಾಲು ಹೇಳಿ ಹಿಂತಿರುಗುತ್ತದೆ, ನೀವು ಅದನ್ನು ಹಿಡಿದಿಡದಿದ್ದರೆ ಗಾಳಿಗೆ ಹೋಯಿತು. ಪೂರ್ತಿ ಪಾತ್ ಬರೆಯಿರಿ. ಮಾಡ್ಯೂಲ್‌ಗಳನ್ನು ನಿಮ್ಮ ಹೋಮ್ ಒಳಗೆ ಸ್ಥಾಪಿಸಿಕೊಂಡಿದ್ದರೆ ಅದರ ಪಾತ್ ಕೂಡ ಕ್ರಾನ್‌ಗೆ ತಿಳಿಸಬೇಕು. ಕ್ರಾನ್‌ಟ್ಯಾಬ್ ಸಾಲಿನಲ್ಲಿ ದಿನಾಂಕಕ್ಕಾಗಿ % ಚಿಹ್ನೆ ಬಳಸಿದ್ದರೆ ಅದಕ್ಕೂ ಮೊದಲು ಒಂದು ಬ್ಯಾಕ್‌ಸ್ಲ್ಯಾಷ್ ಹಾಕಿ, ಇಲ್ಲದಿದ್ದರೆ ಕ್ರಾನ್ ಆದೇಶವನ್ನು ಅಲ್ಲಿಗೇ ಕತ್ತರಿಸುತ್ತದೆ. ಹಿಂದಿನ ರಾತ್ರಿಯ ಓಟವೇ ಮುಗಿಯದೆ ಹೊಸದು ಶುರುವಾಗದಂತೆ ‘ಎಫ್‌ಲಾಕ್’ ಎಂಬ ಫೈಲ್ ಬೀಗ ಇರಲಿ.

ಪಾಸ್‌ವರ್ಡ್ ಬದಲಿಸಿದ ದಿನದಿಂದ 530 ಬರುತ್ತಿದ್ದರೆ ಉದ್ಧರಣ ಚಿಹ್ನೆ ನೋಡಿ. ಎರಡು ಗೀಟಿನ ಉದ್ಧರಣದೊಳಗೆ $ ಅಥವಾ @ ಇದ್ದರೆ ಪರ್ಲ್ ಅದನ್ನು ವೇರಿಯಬಲ್ ಎಂದು ಓದುತ್ತದೆ. ‘ಗುಪ್ತ$1’ ಎಂಬುದು ಸದ್ದಿಲ್ಲದೆ ‘ಗುಪ್ತ’ ಆಗುತ್ತದೆ. ಪಾಸ್‌ವರ್ಡನ್ನು ಒಂಟಿ ಉದ್ಧರಣದಲ್ಲಿಡಿ. ಇನ್ನೂ ಒಳ್ಳೆಯದೆಂದರೆ ಸ್ಕ್ರಿಪ್ಟಿನಿಂದ ಹೊರಗೆ, 600 ಅನುಮತಿಯ (ಒಡೆಯರು ಮಾತ್ರ ಓದಿ ಬರೆಯಬಲ್ಲ) ಫೈಲಿನಲ್ಲಿ.

ದೊಡ್ಡ ಫೈಲ್ ಪೂರ್ತಿ ತಲುಪಿಯೂ ಪುಟ್ ಸೋತೆ ಎನ್ನುವುದುಂಟು. ದತ್ತಾಂಶ ಹರಿಯುತ್ತಿರುವಷ್ಟು ಹೊತ್ತು 21ನೇ ಪೋರ್ಟಿನ ಸಂಪರ್ಕ ಸುಮ್ಮನೆ ಕೂತಿರುತ್ತದೆ. ನಡುವಿನ ಫೈರ್‌ವಾಲ್ ‘ಇಲ್ಲಿ ಯಾರೂ ಮಾತಾಡುತ್ತಿಲ್ಲ’ ಎಂದು ಅದನ್ನು ಮರೆತುಬಿಡುತ್ತದೆ. ಸರ್ವರ್ ಕೊಟ್ಟ 226 ನಿಮಗೆ ಬರುವುದೇ ಇಲ್ಲ. ಟೈಮ್‌ಔಟ್ ಹೆಚ್ಚಿಸಿದರೆ ಇನ್ನಷ್ಟು ಹೊತ್ತು ಕಾದು ಸೋಲುತ್ತೀರಿ, ಅಷ್ಟೇ. ನೆಟ್::ಎಫ್‌ಟಿಪಿ ಆಬ್ಜೆಕ್ಟ್ ಸ್ವತಃ ಒಂದು ಸಾಕೆಟ್, ಹಾಗಾಗಿ ಅದರ ಮೇಲೆ ‘ಸಾಕ್‌ಆಪ್ಟ್’ ಮೂಲಕ ಕೀಪ್‌ಅಲೈವ್ (ಸಂಪರ್ಕ ಜೀವಂತವಿದೆ ಎಂದು ಆಗಾಗ ಕಳಿಸುವ ಸಣ್ಣ ಸಂಕೇತ) ಹಚ್ಚಬಹುದು. ಲಿನಕ್ಸ್ ಮೊದಲ ಕೀಪ್‌ಅಲೈವ್ ಕಳಿಸುವುದು 7,200 ಸೆಕೆಂಡ್ ಆದಮೇಲೆ, ಎರಡು ಗಂಟೆ. ಅದನ್ನು ‘ಟಿಸಿಪಿ ಕೀಪ್‌ಐಡಲ್’ನಿಂದ 60ಕ್ಕೆ ಇಳಿಸಿದರೆ ಮಾತ್ರ ಉಪಯೋಗ.

ಇದೆಲ್ಲ ಸರಿಯಾದ ಮೇಲೆ ಕಳಿಸುವ ಕ್ರಮವನ್ನೂ ಬದಲಿಸಿ. ಫೈಲನ್ನು ಮೊದಲು ಹೆಸರಿನ ಕೊನೆಗೆ ‘.ಪಾರ್ಟ್’ ಸೇರಿಸಿ ಕಳಿಸಿ. ‘ಸೈಜ್’ ಮೆಥಡ್‌ನಿಂದ ಸರ್ವರ್‌ನ ಗಾತ್ರ ಕೇಳಿ, ಸ್ಥಳೀಯ ಗಾತ್ರದೊಂದಿಗೆ ಒಂದು ಬೈಟೂ ವ್ಯತ್ಯಾಸವಿಲ್ಲದೆ ಹೊಂದಿದರೆ ಮಾತ್ರ ‘ರಿನೇಮ್’ ಮಾಡಿ ನಿಜವಾದ ಹೆಸರು ಕೊಡಿ. ಅತ್ತಲಿನವರು ಅರ್ಧ ಬಂದ ಫೈಲನ್ನು ಎತ್ತಿಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಸೈಜ್ ಕೇಳುವಾಗಲೂ ಬೈನರಿಯಲ್ಲಿರಬೇಕು, ಆಸ್ಕಿಯಲ್ಲಿ ಕೆಲವು ಸರ್ವರ್ 550 ಕೊಡುತ್ತವೆ. ಮತ್ತೆ ಪ್ರಯತ್ನಿಸಬೇಕೇ ಬೇಡವೇ ಎಂಬುದನ್ನು ಕೋಡಿನ ಮೊದಲ ಅಂಕಿ ಹೇಳುತ್ತದೆ. 4ರಿಂದ ಶುರುವಾಗುವ 421, 425, 426, 452 ತಾತ್ಕಾಲಿಕ: 30 ಸೆಕೆಂಡ್, 2 ನಿಮಿಷ, 5 ನಿಮಿಷ ಬಿಟ್ಟು ಮೂರು ಸಲ ನೋಡಿ. 5ರಿಂದ ಶುರುವಾಗುವ 530, 550, 552, 553ಕ್ಕೆ ಮತ್ತೆ ಮತ್ತೆ ತಟ್ಟಬೇಡಿ. 530ಕ್ಕೆ ಹಟ ಹಿಡಿದರೆ ಸರ್ವರ್ ನಿಮ್ಮ ಐಪಿಯನ್ನೇ ನಿರ್ಬಂಧಿಸಬಹುದು.

ಎದುರಿನವರು ಒಪ್ಪಿದರೆ ಎಸ್‌ಎಫ್‌ಟಿಪಿಗೆ ಹೋಗಿ ಎಂಬುದು ನನ್ನ ಅಭಿಪ್ರಾಯ. ಹೆಸರು ಹತ್ತಿರವಿದ್ದರೂ ಅದು ಎಫ್‌ಟಿಪಿ ಅಲ್ಲ, ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಒಳಗೆ ಓಡುವ ಬೇರೆಯೇ ವ್ಯವಸ್ಥೆ. ಒಂದೇ ಪೋರ್ಟ್, 22. ಪ್ಯಾಸಿವ್, ಆ್ಯಕ್ಟಿವ್ ಗೋಳಿಲ್ಲ, ಪಾಸ್‌ವರ್ಡ್ ಬಯಲಲ್ಲಿ ಹೋಗುವುದಿಲ್ಲ. ಎಫ್‌ಟಿಪಿಎಸ್, ಅಂದರೆ ಗೂಢಲಿಪಿ ಹೊದಿಸಿದ ಎಫ್‌ಟಿಪಿ, ನಡುವಿನ ದಾರಿ, ಆದರೆ ಎರಡು ಸಂಪರ್ಕಗಳ ತಾಪತ್ರಯ ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ 227ನ್ನು ಓದಿ ಪೋರ್ಟ್ ತೆರೆದುಕೊಡುತ್ತಿದ್ದ ಫೈರ್‌ವಾಲ್‌ಗೆ ಈಗ ಎಲ್ಲ ಗೂಢಲಿಪಿಯಾಗಿ ಏನೂ ಓದಲು ಬರುವುದಿಲ್ಲ.

ನೆಟ್::ಎಸ್‌ಎಫ್‌ಟಿಪಿ::ಫಾರಿನ್ ಮಾಡ್ಯೂಲ್‌ಗೆ ‘ಆಟೋಡೈ’ ಆಯ್ಕೆ ಕೊಟ್ಟರೆ ಸೋತ ಕಡೆ ತಾನೇ ನಿಲ್ಲುತ್ತದೆ. ಫೈಲ್ ಪೂರ್ತಿ ಹೋಗಿಯೂ ‘ಸೆಟ್‌ಸ್ಟ್ಯಾಟ್’ ಎಂಬ ದೋಷ ಬಂದರೆ, ಸರ್ವರ್ ಸಮಯ ಮತ್ತು ಅನುಮತಿ ಬದಲಿಸಲು ಬಿಡುತ್ತಿಲ್ಲ ಎಂದರ್ಥ. ‘ಕಾಪಿ_ಟೈಮ್’ ಮತ್ತು ‘ಕಾಪಿ_ಪರ್ಮ್’ ಎರಡನ್ನೂ 0 ಮಾಡಿ. ಕ್ರಾನ್ ಬೇರೆ ಬಳಕೆದಾರರ ಹೆಸರಿನಲ್ಲಿ ಓಡಿದರೆ ಆ ಬಳಕೆದಾರರ ‘ನೋನ್ ಹೋಸ್ಟ್ಸ್’ ಫೈಲಿನಲ್ಲಿ ಸರ್ವರ್‌ನ ಗುರುತು ಇರುವುದಿಲ್ಲ. ಒಮ್ಮೆ ಅದೇ ಬಳಕೆದಾರರಾಗಿ ಕೈಯಿಂದ ಸಂಪರ್ಕಿಸಿ ಒಪ್ಪಿಕೊಳ್ಳಬೇಕು. ಯಂತ್ರ ಅಪ್‌ಗ್ರೇಡ್ ಮಾಡಿದ ಮರುದಿನದಿಂದ ‘ಹೊಂದುವ ಹೋಸ್ಟ್ ಕೀ ಇಲ್ಲ’ ಎನ್ನುತ್ತಿದ್ದರೆ ನಿಮ್ಮ ಸ್ಕ್ರಿಪ್ಟಿನ ತಪ್ಪಲ್ಲ. 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಹಳೆಯ ಶಾ-1 ಆಧಾರಿತ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದಿಲ್ಲ. ಸರ್ವರ್ ಕಡೆಯವರು ತಮ್ಮ ಎಸ್‌ಎಸ್‌ಎಚ್ ತಂತ್ರಾಂಶವನ್ನು ನವೀಕರಿಸಬೇಕು, ಇಲ್ಲವೇ ಬೇರೆ ಬಗೆಯ ಹೋಸ್ಟ್ ಕೀ ಮಾಡಿಕೊಳ್ಳಬೇಕು.

ಇಷ್ಟು ಮಾಡಿಯೂ ಎಲ್ಲಾದರೂ ನಿಂತರೆ, ಸೋತ ಒಂದು ರಾತ್ರಿಯ ಡೀಬಗ್ ಲಾಗ್‌ನಲ್ಲಿ ‘ಟೈಪ್ ಐ’ ಸಾಲಿನಿಂದ ಕೊನೆಯವರೆಗಿನ ಭಾಗವನ್ನೂ, ಆ ಫೈಲಿನ ಎರಡೂ ಕಡೆಯ ಗಾತ್ರವನ್ನು ಬೈಟ್‌ಗಳಲ್ಲೂ ಬರೆದು ಕಳಿಸಿ. ಮಾಡ್ಯೂಲ್ ಪಾಸ್‌ವರ್ಡನ್ನು ಮಾತ್ರ ಮರೆಮಾಡುತ್ತದೆ, ಬಳಕೆದಾರ ಹೆಸರನ್ನಲ್ಲ. ಅದನ್ನೂ ಸರ್ವರ್‌ನ ಹೊರಗಿನ ಐಪಿಯನ್ನೂ ಅಳಿಸಿ ಕಳಿಸಿ, 227ರ ಕೊನೆಯ ಎರಡು ಸಂಖ್ಯೆಗಳನ್ನು ಮಾತ್ರ ಹಾಗೇ ಬಿಡಿ.